ಒಂದೇ ಖುರಾಕಿನ ಇಪ್ಪತ್ತೆರಡು ಮಂದಿ

ಕರೋಶಿಗೆ ಫುಟ್‌ಬಾಲ್ ಬಂದದ್ದು ಕುಸ್ತಿಯ ಬೆನ್ನು ಹತ್ತಿ. ಈಗ ಊರಿನಲ್ಲಿ ಕುಸ್ತಿ ಕಲಿಸುವ ವಸ್ತಾದ ವಿರುಪಾಕ್ಷಪ್ಪ ತಮ್ಮ ಪ್ರಾಯದಲ್ಲಿ ಅದನ್ನು ಕಲಿಯಲೆಂದು ಕೊಲ್ಹಾಪುರಕ್ಕೆ ಹೋಗಿದ್ದರು. ಅಲ್ಲಿಯ ತಾಲೀಮು ಎಂಬ ಗರಡಿಗಳಲ್ಲಿ ಹುಡುಗರು ಬೆಳಿಗ್ಗೆ ಕೆಂಪು ಮಣ್ಣಿನಲ್ಲಿ ಹೊರಳಾಡಿ ಸಂಜೆಗೆ ಚೆಂಡು ಒದೆಯುವುದನ್ನು ಕಂಡರು. ಇದೂ ಕುಸ್ತಿಯದೇ ಒಂದು ಡಾವು ಇರಬೇಕೆಂದು ತಿಳಿದು, ಬರುವಾಗ ಒಂದು ಚೆಂಡು ತಂದರು. ಹೀಗಾಗಿ ಕರೋಶಿಯ ಬಜರಂಗ ತಾಲೀಮಿನಲ್ಲಿ ಫುಟ್‌ಬಾಲಿಗೆ ಎರಡು ಬಗೆಯ ನಿಯಮಗಳು. ಪುಸ್ತಕದವು ಒಂದು, ತಾಲೀಮಿನವು ಇನ್ನೊಂದು. ಪುಸ್ತಕದ ನಿಯಮ ಮುರಿದರೆ ಸೀಟಿ ಊದುತ್ತಾರೆ. ತಾಲೀಮಿನ ನಿಯಮ ಮುರಿದರೆ ಯಾರೂ ಏನೂ ಊದುವುದಿಲ್ಲ, ಮಾತಾಡಿಸುವುದನ್ನು ಬಿಡುತ್ತಾರೆ.

ತಾಲೀಮಿನ ನಿಯಮಗಳಲ್ಲಿ ದೊಡ್ಡದು ಖುರಾಕಿನದು. ಪೈಲವಾನನಿಗೆ ದಿನಾ ಬೇಕಾಗುವ ಹಾಲು, ತುಪ್ಪ, ಬದಾಮಿಗೆ ಖುರಾಕು ಎನ್ನುತ್ತಾರೆ. ಮನೆಯಲ್ಲಿ ಅಷ್ಟು ಅನುಕೂಲವಿಲ್ಲದವನಿಗೆ ಯಾರಾದರೂ ಉಳ್ಳವರು ಅದನ್ನು ಕೊಡುತ್ತಾರೆ. ಕೊಟ್ಟ ದಿನದಿಂದ ಆ ಪೈಲವಾನ ಅವರವನು. ಕಣದಲ್ಲಿ ಅವನ ಹೆಸರಿಗಿಂತ ಮೊದಲು ಅವರ ಹೆಸರು ಕೂಗುತ್ತಾರೆ. ಒಬ್ಬರದೇ ಖುರಾಕು ತಿನ್ನುವ ಇಬ್ಬರು ಪೈಲವಾನರು ಒಬ್ಬರನ್ನೊಬ್ಬರು ಚಿತ್ ಮಾಡುವಂತಿಲ್ಲ; ಕಣಕ್ಕೆ ಇಳಿಯಲೇಬೇಕಾಗಿ ಬಂದರೆ ಕೈಗೆ ಕೈ ಕೊಟ್ಟು, ನಾಲ್ಕು ಸುತ್ತು ತಿರುಗಿ, ಬರೋಬರಿ, ಅಂದರೆ ಸಮ, ಎಂದು ಬಿಡಿಸಿಕೊಳ್ಳಬೇಕು. ಈ ಋಣದಿಂದ ಹೊರಗೆ ಬರಲು ದಾರಿ ಒಂದೇ. ಮಂದಿಯ ಎದುರಿಗೆ, ಕೊಟ್ಟವರ ಕೈಗೇ ಹಾಲು ತಿರುಗಿ ಕೊಡಬೇಕು, ಅವರು ಅದನ್ನು ಕುಡಿಯಬೇಕು. ಕುಡಿಯದಿದ್ದರೆ ಋಣ ಇದ್ದಲ್ಲಿಯೇ ಇರುತ್ತದೆ.

ಕುಸ್ತಿಯಲ್ಲಿ ಇದರಿಂದ ಎಂದೂ ತೊಂದರೆ ಆಗಿರಲಿಲ್ಲ. ಕುಸ್ತಿಯಲ್ಲಿ ಜರ್ಸಿ ಇರುವುದಿಲ್ಲ.

ಜರ್ಸಿಯ ವಿಚಾರ ತೆಗೆದವನು ಅಪ್ಪಾಸಾಬ. ಹೊಳೆದಂಡೆಗೆ ಕಬ್ಬಿನ ಹೊಲ, ಮನೆಯಲ್ಲಿ ಬಣ್ಣದ ಟಿವಿ ಇದ್ದ ಮನುಷ್ಯ. ತೊಂಬತ್ತನೆಯ ಇಸವಿಯ ವಿಶ್ವಕಪ್ಪನ್ನು ಅರ್ಧ ಊರು ಅವನ ಪಡಸಾಲೆಯಲ್ಲಿ ಕೂತು ನೋಡಿತ್ತು. ಉಳಿದವರು ಆಟ ನೋಡಿದರೆ ಅಪ್ಪಾಸಾಬ ಮೈದಾನದ ಅಂಚಿಗೆ ನಿಲ್ಲಿಸಿದ್ದ ಹಲಗೆಗಳನ್ನು ನೋಡಿದ. ಅದರ ಮೇಲೆ ಬ್ಯಾಟರಿ, ಕ್ಯಾಮೆರಾ, ತಂಪು ಪಾನೀಯಗಳ ಹೆಸರು ಇದ್ದವು. ಒಂದೂವರೆ ವರ್ಷ ಆ ಹಲಗೆಗಳು ಅವನ ತಲೆಯಲ್ಲಿ ನಿಂತಿದ್ದವು. ಆಮೇಲೆ ಅವನು ಬಸ್ಸು ಹತ್ತಿ ನಿಪ್ಪಾಣಿಗೆ ಹೋಗಿ, ಗಜಲಕ್ಷ್ಮಿ ಚಹಾಪುಡಿಯ ಮಾಲಕ ತಾತ್ಯಾಸಾಹೇಬರನ್ನು ಕಂಡು ಬಂದ.

ತಾತ್ಯಾಸಾಹೇಬರು ಒಪ್ಪಿದರು. ಜರ್ಸಿ, ಬೂಟು, ಮ್ಯಾಚಿಗೆ ಹೋಗಿ ಬರಲು ಬಸ್ಸು. ಬದಲಿಗೆ ಎದೆಯ ಮೇಲೆ ಗಜಲಕ್ಷ್ಮಿ ಚಹಾದ ಹೆಸರು, ಅದರ ಎಡಬಲಕ್ಕೆ ಸೊಂಡಿಲು ಎತ್ತಿದ ಎರಡು ಆನೆ. ಹೆಸರನ್ನು ಕನ್ನಡದಲ್ಲಿ ಬರೆಸಿದರೆ ಅತ್ತ ಕಡೆಯವರು ಸಿಟ್ಟಾಗುತ್ತಾರೆ, ಮರಾಠಿಯಲ್ಲಿ ಬರೆಸಿದರೆ ಇತ್ತ ಕಡೆಯವರು ಸಿಟ್ಟಾಗುತ್ತಾರೆ ಎಂದು ಇಂಗ್ಲಿಷಿನಲ್ಲಿ ಬರೆಸಲಾಯಿತು. ಅದನ್ನು ಓದಲು ಬಾರದ್ದರಿಂದ ಯಾರೂ ಸಿಟ್ಟಾಗಲಿಲ್ಲ. ಎಲ್ಲರೂ ಆನೆ ನೋಡಿ ಗುರುತು ಹಿಡಿಯುತ್ತಿದ್ದರು.

ಇಷ್ಟರಲ್ಲೇ ನಿಂತಿದ್ದರೆ ಚೆನ್ನಾಗಿತ್ತು. ಆದರೆ ಅಪ್ಪಾಸಾಬ ಮಾತಿನ ಭರದಲ್ಲಿ, ಹುಡುಗರಿಗೆ ದಿನಾ ಒಂದು ಲೋಟ ಹಾಲು ಕೊಡಿಸಿದರೆ ಚೆನ್ನಾಗಿ ಓಡುತ್ತಾರೆ ಎಂದೂ ಹೇಳಿಬಿಟ್ಟಿದ್ದ. ತಾತ್ಯಾಸಾಹೇಬರು ಅದಕ್ಕೂ ಹೂಂ ಅಂದಿದ್ದರು. ಸಂಕ್ರಾಂತಿಯ ಮರುದಿನದಿಂದ ತಾಲೀಮಿನ ಬಾಗಿಲಿಗೆ ಹಾಲಿನ ಕ್ಯಾನು ಬರತೊಡಗಿತು.

ವಿರುಪಾಕ್ಷಪ್ಪ ಕ್ಯಾನನ್ನು ನೋಡಿದರು. ಯಾರದೆಂದು ಕೇಳಿದರು. ತಂದವರು ತಾತ್ಯಾಸಾಹೇಬರ ಹೆಸರು ಹೇಳಿದರು. ಅಷ್ಟರಲ್ಲಿ ಹುಡುಗರು ಕುಡಿದು ಮೀಸೆ ಒರೆಸಿಕೊಳ್ಳುತ್ತಿದ್ದರು.

ಆ ದಿನದಿಂದ ಊರು ಎರಡು ಕಟ್ಟೆಯಾಯಿತು. ತಾಲೀಮಿನ ಕಟ್ಟೆ ವಸ್ತಾದರ ಕಡೆ. ರಸ್ತೆಯ ಆಚೆ, ಸೊಸೈಟಿಯ ಕಟ್ಟೆ ಅಪ್ಪಾಸಾಬನ ಕಡೆ. ನಡುವೆ ಹಜಾಮರ ಅಂಗಡಿ ಇತ್ತು. ಅಲ್ಲಿ ಗಡ್ಡಕ್ಕೆ ಸೋಪು ಹಚ್ಚಿಸಿಕೊಂಡವರು ಮಾತ್ರ ಎರಡೂ ಕಡೆಯ ವಾದವನ್ನು ಬಾಯಿ ತೆರೆಯದೆ ಕೇಳುತ್ತಿದ್ದರು.

"ಯಾರ ಹಾಲ ಕುಡೀತಾರ, ಅವರ ಪೈಲವಾನ," ಎಂದು ವಸ್ತಾದರು ಈ ಕಡೆಯಿಂದ ಹೇಳುತ್ತಿದ್ದರು. "ಇವತ್ತ ನಮ್ಮ ಸಂಘ ನಮ್ಮದಲ್ಲ. ನಿಪ್ಪಾಣಿ ಸಾವ್ಕಾರನ್ದು."

"ವಸ್ತಾದ್ರ, ಅದು ಜಾಹಿರಾತ ಐತ್ರಿ," ಎಂದು ಅಪ್ಪಾಸಾಬ ಆ ಕಡೆಯಿಂದ ಕೂಗುತ್ತಿದ್ದ. "ನಮ್ಮ ಗ್ವಾಡಿ ಮ್ಯಾಲ ಸಿಮೆಂಟಿನವ್ರು ಹೆಸರ ಬರದ ಹೋಗ್ಯಾರ. ಗ್ವಾಡಿ ಅವರದಾತೇನ್ರಿ?"

"ಗ್ವಾಡಿ ಹಾಲ ಕುಡ್ಯೂದಿಲ್ಲ."

ಇದಕ್ಕೆ ಅಪ್ಪಾಸಾಬ ಹುಡುಗರ ಕಾಲು ತೋರಿಸುತ್ತಿದ್ದ. ಕಾಲಿನಲ್ಲಿ ಬೂಟುಗಳಿದ್ದವು. ಹಿಂದಿನ ವರ್ಷದವರೆಗೆ ತಂಡದಲ್ಲಿ ಬೂಟು ಇದ್ದವರು ಕಡಿಮೆ. ಗೋಲಿ ಹಾಲಸಿದ್ದ ಕುರಿ ಮೇಯಿಸಲು ಹಾಕಿಕೊಳ್ಳುವ ಕೆರವಿನಲ್ಲಿಯೇ ಗೋಲು ಕಾಯುತ್ತಿದ್ದ. ಎರಡೂ ಕಟ್ಟೆಯವರು ಅವನ ಹೊಸ ಬೂಟನ್ನು ಬಂದು ನೋಡಿ, ಬಗ್ಗಿ ಒತ್ತಿ, ತಮ್ಮ ತಮ್ಮ ಅಭಿಪ್ರಾಯವನ್ನು ಗಟ್ಟಿ ಮಾಡಿಕೊಂಡು ಹೋದರು.

ಫೆಬ್ರುವರಿಯಲ್ಲಿ ಅಪ್ಪಾಸಾಬ ಇನ್ನೊಂದು ಸುದ್ದಿ ತಂದ. ಬರುವ ಯುಗಾದಿಯಿಂದ ಸಂಘದ ಹೆಸರನ್ನು ಗಜಲಕ್ಷ್ಮಿ ಚಹಾ ಫುಟ್‌ಬಾಲ್ ಕ್ಲಬ್ ಎಂದು ಮಾಡಿದರೆ ತಾತ್ಯಾಸಾಹೇಬರು ಮೈದಾನಕ್ಕೆ ಕಂಪೌಂಡ್ ಕಟ್ಟಿಸುವವರಿದ್ದಾರೆ.

ವಸ್ತಾದರು ಎದ್ದು ನಿಂತರು. ಅವರಿಗೆ ಎದ್ದು ನಿಲ್ಲುವುದು ಸುಲಭವಲ್ಲ. ಹಿಂದೊಮ್ಮೆ ಅಥಣಿಯ ಕಣದಲ್ಲಿ, ತಮಗಿಂತ ದೊಡ್ಡ ಪೈಲವಾನನ ಕೆಳಗೆ ಸಿಕ್ಕಿ, ಬೆನ್ನು ನೆಲಕ್ಕೆ ತಾಗಿಸದೆ ಸೊಂಟ ಮುರಿದುಕೊಂಡವರು ಅವರು. ಆ ದಿನ ಮಂದಿ ಮೊದಲ ಸಲ 'ಕರೋಶಿ ಬಜರಂಗ ತಾಲೀಮ' ಎಂದು ಕೂಗಿದ್ದರು. ಆ ಕೂಗಿಗೆ ಅವರು ಕೊಟ್ಟ ಬೆಲೆ ಎಂದರೆ, ಇಂದಿಗೂ ಬಗ್ಗಿ ಚಪ್ಪಲಿ ಮೆಟ್ಟಲು ಬರುವುದಿಲ್ಲ. ಊರಿನಲ್ಲಿ ಅವರ ಹೆಸರಿನಲ್ಲಿ ಏನಾದರೂ ಇದ್ದರೆ ಅದು ಈ ಹೆಸರು.

"ಹೆಸರ ಕೊಡೂದಿಲ್ಲ," ಅಂದರು.

"ಹೆಸರಿನ್ಯಾಗ ಏನೈತ್ರಿ? ಇಪ್ಪತ್ತ ವರ್ಷದಾಗ ಒಂದ ಕಪ್ಪರ ತಂದೈತಿ ಆ ಹೆಸರು?"

ಮಾತು ಒರಟಾಗಿತ್ತು, ಸುಳ್ಳಾಗಿರಲಿಲ್ಲ.

"ಈ ಸಲ ರಾಯಬಾಗದ ಕಪ್ಪ ತಂದ್ರ?" ವಸ್ತಾದರು ಕೇಳಿದರು.

"ತಂದ್ರ ಹೆಸರ ಉಳೀಲಿ. ತರದಿದ್ರ ಚಾದ ಹೆಸರು. ಒಪ್ಪಿಗಿ?"

"ಒಪ್ಪಿಗಿ."

"ಮತ್ತ ಅಲ್ಲಿ ಬರೋಬರಿ ಮಾಡಿ ಕಪ್ಪ ಆರ ತಿಂಗಳ ಅವರ ಊರಾಗ, ಆರ ತಿಂಗಳ ನಮ್ಮ ಊರಾಗ ಅಂದ್ರ ನಡ್ಯೂದಿಲ್ಲ," ಎಂದು ಅಪ್ಪಾಸಾಬ ಸೇರಿಸಿದ. "ಪೂರಾ ಕಪ್ಪ ಬರಬೇಕ."

"ಪೂರಾ ತರತೀವಿ," ಎಂದು ವಸ್ತಾದರು ಕೂತರು. ಕೂರುವುದೂ ಅವರಿಗೆ ಸುಲಭವಲ್ಲ.

ತಂಡ ಆ ವರ್ಷ ನಿಜಕ್ಕೂ ಚೆನ್ನಾಗಿ ಆಡಿತು. ಹಾಲಿನಿಂದಲೇ ಎಂದು ಒಂದು ಕಟ್ಟೆ, ಹಾಲನ್ನೂ ಮೀರಿ ಎಂದು ಇನ್ನೊಂದು ಕಟ್ಟೆ. ಕ್ಯಾಪ್ಟನ್ ಮುರಗೆಪ್ಪ ಹಿಂದೆ ನಿಂತರೆ ಎದುರಾಳಿಗಳು ಹೊಲದ ಬದು ಸುತ್ತುವಂತೆ ಅವನನ್ನು ಸುತ್ತಿ ಹೋಗಬೇಕಾಗುತ್ತಿತ್ತು. ಸೆಮಿಫೈನಲ್ ಗೆದ್ದ ದಿನ, ವಸ್ತಾದರು ಯಾರಿಗೂ ಕಾಣದಂತೆ ಚಪ್ಪಾಳೆ ತಟ್ಟಿದ್ದನ್ನು ಅಪ್ಪಾಸಾಬನೇ ನೋಡಿದನಂತೆ.

ರಾಯಬಾಗದಲ್ಲಿ ಫೈನಲ್ ಐಗಳಿಯವರ ಜೊತೆಗೆ. ಅಥಣಿ ತಾಲೂಕಿನ ಊರು, ಅವರದೂ ತಾಲೀಮಿನ ತಂಡವೇ. ಅವರು ಟ್ರ್ಯಾಕ್ಟರಿನ ಡಬ್ಬಿಯಲ್ಲಿ ಕೂತು ಬಂದಿದ್ದರು. ಕರೋಶಿಯವರು ಗಜಲಕ್ಷ್ಮಿ ಚಹಾದ ಬಸ್ಸಿನಲ್ಲಿ ಬಂದಿದ್ದರು. ವೇದಿಕೆಯ ನಡುವಿನ ಕುರ್ಚಿಯಲ್ಲಿ, ಕೊರಳಿಗೆ ಹಾರ ಹಾಕಿಸಿಕೊಂಡು ತಾತ್ಯಾಸಾಹೇಬರು ಕೂತಿದ್ದರು. ಮೈದಾನದ ಸುತ್ತ ಮಂದಿಯೋ ಮಂದಿ.

ಎರಡೂ ತಂಡಗಳು ಕೈಕುಲುಕಲು ಸಾಲಾಗಿ ನಿಂತವು. ಕರೋಶಿಯವರದು ಕೆಂಪು ಜರ್ಸಿ. ಐಗಳಿಯವರು ಮೇಲೆ ಹೊದ್ದಿದ್ದ ಟವೆಲುಗಳನ್ನು ತೆಗೆದರು. ಅವರದು ಹಸಿರು ಜರ್ಸಿ, ಹೊಚ್ಚ ಹೊಸದು, ಆ ದಿನವೇ ಬಂದದ್ದು. ಎದೆಯ ಮೇಲೆ ಸೊಂಡಿಲು ಎತ್ತಿದ ಎರಡು ಆನೆ.

ಮುರಗೆಪ್ಪ ಐಗಳಿಯ ಕ್ಯಾಪ್ಟನ್ ಲಗಮಣ್ಣನ ಕೈ ಹಿಡಿದವನು ಬಿಡಲಿಲ್ಲ.

"ಇದ್ಯಾವಾಗಿಂದಲೇ?"

"ಅಂಗಿ ಇವತ್ತ ಬಂತು."

"ಹಾಲೂ ಬರತೈತೇನ?"

"ಸಂಕ್ರಾಂತಿಯಿಂದ ಬರಾಕತ್ತೈತಿ. ನಿಮಗ?"

"ನಮಗೂ ಸಂಕ್ರಾಂತಿಯಿಂದನ."

ಇಬ್ಬರೂ ವೇದಿಕೆಯ ಕಡೆಗೆ ನೋಡಿದರು. ತಾತ್ಯಾಸಾಹೇಬರು ಕೈ ಬೀಸಿದರು. ಎರಡು ತಾಲೂಕಿಗೆ ಚಹಾ ಮಾರುವವರು ಎರಡು ತಂಡ ಹಿಡಿದಿದ್ದರು. ಅದರಲ್ಲಿ ಮುಚ್ಚಿಡುವಂಥದು ಏನೂ ಅವರಿಗೆ ಕಂಡಿರಲಿಲ್ಲ. ಹೇಳುವಂಥದೂ ಕಂಡಿರಲಿಲ್ಲ. ಯಾರು ಗೆದ್ದರೂ ಪತ್ರಿಕೆಯ ಚಿತ್ರದಲ್ಲಿ ಆನೆ ಬರುತ್ತದೆ ಎಂದು ಅವರ ಲೆಕ್ಕಾಚಾರ.

"ಹಂಗಾರ ಒಂದ ಖುರಾಕಿನವ್ರ ಆದಿವು," ಎಂದ ಮುರಗೆಪ್ಪ.

"ಆದಿವು," ಎಂದ ಲಗಮಣ್ಣ, ಸಂಬಂಧ ಕೂಡಿದವನ ಹಾಗೆ ಇನ್ನೊಮ್ಮೆ ಕೈ ಒತ್ತಿ.

ರೆಫರಿ ರಾಜಾರಾಮ ಎಂಬವರು ರಾಯಬಾಗದ ಕಡೆಯ ವ್ಯಾಯಾಮದ ಮಾಸ್ತರರು. ಅವರು ಸೀಟಿ ಊದಿದರು. ಆಮೇಲೆ ಅವರಿಗೆ ಬಹಳ ಹೊತ್ತು ಕೆಲಸ ಇರಲಿಲ್ಲ.

ಮುರಗೆಪ್ಪ ಚೆಂಡನ್ನು ಲಗಮಣ್ಣನ ಕಾಲಿಗೆ ಮೆಲ್ಲಗೆ ತಳ್ಳಿದ. ಲಗಮಣ್ಣ ಅದನ್ನು ನಾಲ್ಕು ಹೆಜ್ಜೆ ಒಯ್ದು, ಕರೋಶಿಯ ಬೇರೊಬ್ಬನಿಗೆ ಕೊಟ್ಟ. ಅವನು ಐಗಳಿಯವನೊಬ್ಬನನ್ನು ಹುಡುಕಿ ಕೊಟ್ಟ. ಬೀಗರ ಮನೆಯಲ್ಲಿ ಎಲೆ ಅಡಿಕೆಯ ತಟ್ಟೆ ಕೈಯಿಂದ ಕೈಗೆ ಹೋಗುವಂತೆ ಚೆಂಡು ಮೈದಾನದ ತುಂಬ ಓಡಾಡಿತು. ಯಾರೂ ಯಾರಿಂದಲೂ ಕಸಿದುಕೊಳ್ಳಲಿಲ್ಲ. ಒಮ್ಮೆ ಐಗಳಿಯ ಹುಡುಗನೊಬ್ಬ ಮೈಮರೆತು ಗೋಲಿನ ಕಡೆಗೆ ಜೋರಾಗಿ ಒದ್ದ. ಚೆಂಡು ಕಂಬದ ಹೊರಗಿನಿಂದ ಹೋಯಿತು. ಅವನು ಹಾಲಸಿದ್ದನ ಹತ್ತಿರ ಬಂದು, "ಪೆಟ್ಟ ಆತೇನಣ್ಣಾ?" ಎಂದು ಕೇಳಿಹೋದ. ಹಾಲಸಿದ್ದ ಕಂಬಕ್ಕೆ ಒರಗಿ, ಒಂದು ಕಾಲಿನ ಮೇಲೆ ನಿಂತು, ಕುರಿ ಕಾಯುವಾಗ ನೋಡುವ ಹಾಗೆ ದೂರಕ್ಕೆ ನೋಡತೊಡಗಿದ.

ಮಂದಿ ಮೊದಲಿಗೆ ಇದನ್ನು ಯಾವುದೋ ಹೊಸ ಪದ್ಧತಿ ಎಂದು ತಿಳಿದರು. ಕೊನೆಗೆ ಅಂಚಿನಿಂದ ಒಬ್ಬ ಕೂಗಿದ:

"ಏ, ಫುಟ್‌ಬಾಲ್ ಆಡಾಕತ್ತೀರೋ, ಕನ್ಯಾ ನೋಡಾಕ ಬಂದೀರೋ?"

"ಉಪ್ಪಿಟ್ಟ ತರಸ್ರಿ ಇವರಿಗೆ!" ಎಂದ ಇನ್ನೊಬ್ಬ.

ರಾಜಾರಾಮ ಮಾಸ್ತರರು ಆಟ ನಿಲ್ಲಿಸಿ ಇಬ್ಬರೂ ಕ್ಯಾಪ್ಟನ್ನರನ್ನು ಕರೆದು ಬೈದರು. ಇಬ್ಬರೂ ಕೈಕಟ್ಟಿ ಬೈಸಿಕೊಂಡರು. ತಪ್ಪು ಏನು ಎಂದು ಲಗಮಣ್ಣ ವಿನಯದಿಂದ ಕೇಳಿದ. ಮಾಸ್ತರರು ಯೋಚಿಸಿದರು. ಒದ್ದರೆ ತಪ್ಪು, ದೂಡಿದರೆ ತಪ್ಪು, ಕೈ ತಾಗಿದರೆ ತಪ್ಪು ಎಂದು ಪುಸ್ತಕದಲ್ಲಿತ್ತು. ಚೆಂಡನ್ನು ಎದುರಿನವನಿಗೆ ಪ್ರೀತಿಯಿಂದ ಕೊಟ್ಟರೆ ಏನು ಮಾಡಬೇಕೆಂದು ಇರಲಿಲ್ಲ. ಅರ್ಧ ಆಟ ಮುಗಿಯಿತೆಂದು ಸೀಟಿ ಊದಿದಾಗ ಇಪ್ಪತ್ತೆರಡು ಮಂದಿಯಲ್ಲಿ ಒಬ್ಬನಿಗೂ ಬೆವರು ಬಂದಿರಲಿಲ್ಲ.

ಮುರಗೆಪ್ಪ ನೇರ ವಸ್ತಾದರ ಹತ್ತಿರ ಬಂದ.

"ಏನ ಮಾಡೂನ್ರಿ ವಸ್ತಾದ್ರ? ಒಂದ ಖುರಾಕ ಐತಿ. ನೀವ ಕಲಿಸೀರಿ."

ವಸ್ತಾದರು ಲೆಕ್ಕ ಹಾಕಿದರು. ಹೀಗೆ ಮುಗಿದರೆ ಬರೋಬರಿ, ಅರ್ಧ ಕಪ್ಪು. ಅರ್ಧ ಕಪ್ಪಿಗೆ ಹೆಸರು ಹೋಗುತ್ತದೆ.

ಅಪ್ಪಾಸಾಬ ಬಂದ. ಅವನ ಹಿಂದೆ ಸೊಸೈಟಿ ಕಟ್ಟೆಯವರೆಲ್ಲ ಬಂದರು. ಅವನ ಮುಖದಲ್ಲಿ ದುಃಖ ಇತ್ತು, ಆದರೆ ಅದು ಸರಿಯಾಗಿ ಕೂತಿರಲಿಲ್ಲ.

"ವಸ್ತಾದ್ರ, ಒಂದ ಮಾತ ಹೇಳಿಬಿಡ್ರಿ. 'ಅದು ಖುರಾಕ ಅಲ್ಲ, ಬರೇ ಜಾಹಿರಾತ ಐತಿ, ಗ್ವಾಡಿ ಮ್ಯಾಲ ಬರದಂಗ' ಅಂತ ಹೇಳ್ರಿ. ಹುಡುಗ್ರು ಈಗಿಂದೀಗ ಓಡತಾರ. ನಿಮ್ಮ ಮಾತ ಮೀರೂದಿಲ್ಲ ಅವರು."

"ಹಂಗಂದ್ರ ನೀ ಹೇಳಿದ್ದ ಖರೇ ಆತು."

"ಆಗಲೇಳ್ರಿ. ಕಪ್ಪ ಬರತೈತಲ್ಲ."

"ಬರೇ ಜಾಹಿರಾತ ಆದ್ರ, ಹೆಸರ ಕೊಡಾಕ ನನಗೇನ ತಕರಾರ ಅಂತ ನಾಳೆ ಕೇಳತಿ."

ಅಪ್ಪಾಸಾಬ ಆಕಾಶ ನೋಡಿದ. ಕೇಳುವವನಿದ್ದ.

ತಾಲೀಮು ಕಟ್ಟೆಯವರೂ ಒಂದಾಗಿ ಉಳಿಯಲಿಲ್ಲ. "ಒಂದ ಸುಳ್ಳ ಹೇಳಿದ್ರ ಏನಾಗತೈತ್ರಿ?" ಎಂದರು ಕೆಲವರು. "ಸುಳ್ಳ ಅದು ಯಾಕ ಆಗತೈತಿ, ಇಷ್ಟ ದಿವಸ ಹೇಳಿದ್ದ ಸುಳ್ಳ ಆಗತೈತಿ," ಎಂದರು ಇನ್ನು ಕೆಲವರು. ಅಲ್ಲಿಯೇ ಮೂರನೆಯದೊಂದು ಪಕ್ಷ ಹುಟ್ಟಿತು. ಅವರ ಅಭಿಪ್ರಾಯದಲ್ಲಿ ಫುಟ್‌ಬಾಲೇ ಬೇಡವಾಗಿತ್ತು.

ವಸ್ತಾದರು ಮುರಗೆಪ್ಪನ ಹೆಗಲು ಹಿಡಿದು ಎದ್ದರು.

"ಹಾಲ ತಿರುಗಸೂನು," ಎಂದರು.

ಗೇಟಿನ ಬಳಿ ಚಹಾ ಮಾರುತ್ತಿದ್ದ ಹೆಂಗಸಿನಿಂದ ಒಂದು ತಂಬಿಗೆ ಹಾಲು ತಂದರು. ಇನ್ನೂ ಬಿಸಿ ಇತ್ತು. ವಸ್ತಾದರು ಅದನ್ನು ಧೋತರದ ಚುಂಗಿನಲ್ಲಿ ಹಿಡಿದುಕೊಂಡು, ಮೈದಾನವನ್ನು ಅಡ್ಡ ಹಾಯ್ದು ವೇದಿಕೆಯ ಕಡೆಗೆ ನಡೆದರು. ಹಿಂದೆ ಮುರಗೆಪ್ಪ, ಅವನ ಹಿಂದೆ ಎರಡೂ ಕಟ್ಟೆ. ಮಂದಿ ಗಲಾಟೆ ನಿಲ್ಲಿಸಿದರು. ಅರ್ಧ ಆಟದಲ್ಲಿ ಅವರು ಕಂಡ ಮೊದಲ ಓಡಾಟ ಇದು.

"ತಾತ್ಯಾಸಾಹೇಬ್ರ, ಇದನ್ನ ಕುಡೀಬೇಕು."

ತಾತ್ಯಾಸಾಹೇಬರು ತಂಬಿಗೆಯೊಳಗೆ ಇಣುಕಿದರು. "ಅಹೋ ವಸ್ತಾದ, ಹಾಲ ಐತಿ ಇದು."

"ಹೌದ್ರಿ. ನಿಮ್ಮ ಖುರಾಕ ನಿಮಗ ತಿರುಗಿಸಾಕತ್ತೀನಿ. ಇದನ್ನ ಕುಡದ್ರ ನಮ್ಮ ಹುಡುಗ್ರು ನಿಮ್ಮವರಲ್ಲ."

"ನಮ್ಮವರಲ್ಲ ಅಂದ್ರ? ನಾ ಹಾಲ ಕೊಟ್ಟಿದ್ದು ಅವರು ಓಡ್ಲಿ ಅಂತ."

"ಅದಕ್ಕ ನಿಂತಾರ್ರಿ."

ವಸ್ತಾದರು ಮುಚ್ಚುಮರೆ ಇಲ್ಲದೆ ನಿಯಮವನ್ನು ಹೇಳಿದರು. ತಾತ್ಯಾಸಾಹೇಬರು ವ್ಯಾಪಾರಿ, ಕೇಳುತ್ತ ಕೇಳುತ್ತ ಅವರ ಕಣ್ಣು ಗೇಟಿನ ಕಡೆಗೆ ಹೋಗಿತ್ತು. ಅಲ್ಲಿ ಜನ ಸೈಕಲ್ಲುಗಳ ಬೀಗ ತೆಗೆಯುತ್ತಿದ್ದರು. ಜನ ಹೋದರೆ ಆನೆಗಳನ್ನು ನೋಡುವವರು ಯಾರು?

"ನಾ ಕುಡದ್ರ ಓಡತಾರು?"

"ಓಡತಾರ್ರಿ."

"ಐಗಳಿಯವರೂ?"

"ಇವರು ಓಡಿದ್ರ ಅವರು ಬೆನ್ನ ಹತ್ತಬೇಕಾಗತೈತಿ."

"ಆದ್ರ ವಸ್ತಾದ," ಎಂದು ತಾತ್ಯಾಸಾಹೇಬರು ದನಿ ತಗ್ಗಿಸಿದರು, "ಇಷ್ಟ ಮಂದಿ ಮುಂದ ಚಾದ ಮಾಲಕ ಹಾಲ ಕುಡದ್ರ, ನಾಳೆ ನನ್ನ ಚಾ ಯಾರ ತಗೋತಾರು? ಕಪ್ಪಿನ್ಯಾಗ ಹಾಕ್ರಿ."

ಈ ವಿಷಯದಲ್ಲಿ ವೇದಿಕೆಯ ಕೆಳಗೆ ಸ್ವಲ್ಪ ಚರ್ಚೆ ನಡೆಯಿತು. ಚಹಾದ ಕಪ್ಪಿನಲ್ಲಿ ಕೊಟ್ಟರೆ ಹಾಲು ತಿರುಗಿಸಿದಂತೆ ಆಗುತ್ತದೆಯೇ ಎಂದು ತಾಲೀಮು ಕಟ್ಟೆಯವರಿಗೆ ಸಂಶಯ ಬಂತು. ಆಗುವುದಿಲ್ಲ ಎಂದು ಅಪ್ಪಾಸಾಬ ಖಚಿತವಾಗಿ ಹೇಳಿದ. ತಾಲೀಮಿನ ನಿಯಮದ ಬಗ್ಗೆ ಅವನು ಕಾಳಜಿ ತೋರಿಸಿದ್ದು ಅದೇ ಮೊದಲು. ವಸ್ತಾದರು, "ಕಪ್ಪಿಗೇನ ಋಣ ಇರೂದಿಲ್ಲ, ಸುರೀರಿ," ಎಂದರು. ಮುರಗೆಪ್ಪ ಕಪ್ಪಿನ ಹತ್ತಿರ ಮೂಗು ತಂದು ಮೂಸಿ ನೋಡಿ, ಹಾಲೇ ಎಂದು ತನ್ನವರಿಗೆ ತಲೆಯಾಡಿಸಿದ.

ತಾತ್ಯಾಸಾಹೇಬರು ಕಪ್ಪಿನ ಕೆಳಗಿನ ಬಸಿಗೆ ಸುರಿದುಕೊಂಡು, ಊದಿ, ಮಂದಿಗೆ ಕಾಣುವಂತೆ ಮೂರೂ ದಿಕ್ಕಿಗೆ ತಿರುಗಿ ಕುಡಿದರು. ಅಷ್ಟರಲ್ಲಿ ಧ್ವನಿವರ್ಧಕ ಹಿಡಿದವನು ತನಗೆ ವಹಿಸಿದ ಕೆಲಸವನ್ನು ಮಾಡಿದ: "ಮಾನ್ಯ ತಾತ್ಯಾಸಾಹೇಬರು ಈಗ ಗಜಲಕ್ಷ್ಮಿ ಚಹಾ ಸೇವಿಸುತ್ತಿದ್ದಾರೆ! ಘಮಘಮಿಸುವ ಗಜಲಕ್ಷ್ಮಿ ಚಹಾ!"

ಕರೋಶಿಯ ಹುಡುಗರು ಅಲ್ಲಿಯೇ ಜರ್ಸಿ ಕಳಚಿ, ಒಳಹೊರಗು ಮಾಡಿ ಹಾಕಿಕೊಂಡರು. ಬೆನ್ನ ಮೇಲಿನ ನಂಬರು ಕಾಣುವುದಿಲ್ಲ ಎಂದು ರಾಜಾರಾಮ ಮಾಸ್ತರರು ಆಕ್ಷೇಪಿಸಿದರು.

"ಯಾರ್‍ಯಾರ ಅಂತ ನಮಗ ಗೊತ್ತೈತ್ರಿ ಸರ್," ಎಂದ ಮುರಗೆಪ್ಪ.

ಮಾಸ್ತರರಿಗೆ ಆಗಲೇ ಸಾಕಾಗಿತ್ತು. ಆಡಿರಿ ಎಂದರು.

ಎರಡನೆಯ ಅರ್ಧಕ್ಕೆ ಲಗಮಣ್ಣ ಚೆಂಡಿನ ಮೇಲೆ ಕಾಲಿಟ್ಟು ನಿಂತಿದ್ದ.

"ಬಿಟ್ಟಿರೇನ?"

"ಬಿಟ್ಟೀವಿ."

"ಖರೇ?"

"ಮಾರುತಿ ಆಣಿ."

"ಹಂಗಾರ ಸ್ವಲ್ಪ ಸರೀ," ಎಂದ ಲಗಮಣ್ಣ. ಮುರಗೆಪ್ಪ ಸರಿಯುವುದರೊಳಗೆ ಮೊದಲ ಗೋಲು ಆಗಿತ್ತು.

ಆಮೇಲೆ ನಡೆದದ್ದು ಫುಟ್‌ಬಾಲ್. ಸೈಕಲ್ಲುಗಳಿಗೆ ಮತ್ತೆ ಬೀಗ ಬಿದ್ದವು. ಕರೋಶಿಯವರು ಮೇಲಿಂದ ಮೇಲೆ ನುಗ್ಗಿದರು. ಒಂದು ಚೆಂಡು ಅಡ್ಡ ಕಂಬಕ್ಕೆ ಬಡಿದು, ಗೋಲಿನ ಗೆರೆಯ ಮೇಲೆ ಬಿದ್ದು, ಒಳಗೆ ಹೋಗಲೋ ಹೊರಗೆ ಹೋಗಲೋ ಎಂದು ಯೋಚಿಸಿ ಹೊರಗೆ ಹೋಯಿತು. ತಾಲೀಮು ಕಟ್ಟೆಯವರ ಜೊತೆಗೆ ಸೊಸೈಟಿ ಕಟ್ಟೆಯವರೂ "ಅಯ್ಯೋ" ಎಂದರು. ಅಪ್ಪಾಸಾಬ ತಾನು ಅಯ್ಯೋ ಅಂದದ್ದನ್ನು ಯಾರಾದರೂ ನೋಡಿದರೇ ಎಂದು ಸುತ್ತ ನೋಡಿದ. ವಸ್ತಾದರು ಗೆರೆಯ ಹೊರಗೆ ನಿಂತೇ ಇದ್ದರು, ಕೂತುಕೊಳ್ಳಿರಿ ಎಂದು ಕರೆದರೂ ಕೂರಲಿಲ್ಲ. ಆಟ ಮುಗಿಯುವ ಹೊತ್ತಿಗೆ ಐಗಳಿಯವರು ಇನ್ನೊಂದು ಗೋಲು ಹಾಕಿದರು. ಅವರು ಒಳ್ಳೆಯ ತಂಡ. ಬರೋಬರಿ ಬಿಟ್ಟು ಬೇರೇನೂ ಆಡದಿದ್ದರೆ ಅದು ಯಾರಿಗೂ ತಿಳಿಯುತ್ತಿರಲಿಲ್ಲ.

ಮಾಸ್ತರರು ಕೊನೆಯ ಸೀಟಿ ಊದಿದರು. ಐಗಳಿಯವರು ಲಗಮಣ್ಣನನ್ನು ಹೆಗಲ ಮೇಲೆ ಹೊತ್ತರು.

ವಸ್ತಾದರು ಅಪ್ಪಾಸಾಬನನ್ನು ತಾವಾಗಿಯೇ ಹುಡುಕಿಕೊಂಡು ಹೋದರು.

"ಕಪ್ಪ ಬರಲಿಲ್ಲ. ಹೆಸರ ನಿಂದು. ಬಾ, ಸಾವ್ಕಾರಗ ಹೇಳೂನು."

"ನಾಳೆ ಹೇಳೂಣಲ್ರಿ," ಎಂದ ಅಪ್ಪಾಸಾಬ. ಗೆದ್ದವನ ದನಿ ಹೇಗಿರಬೇಕೋ ಹಾಗಿರಲಿಲ್ಲ.

"ಮಾತ ಅಂದ್ರ ಮಾತು."

ತಾತ್ಯಾಸಾಹೇಬರು ಆಗಷ್ಟೇ ಐಗಳಿಯವರಿಗೆ ಕಪ್ಪು ಕೊಟ್ಟು, ಫೋಟೋ ತೆಗೆಸಿಕೊಂಡು ಇಳಿಯುತ್ತಿದ್ದರು. ವಸ್ತಾದರು ಅವರೆದುರು ನಿಂತು, ಯುಗಾದಿಯಿಂದ ಸಂಘಕ್ಕೆ ಗಜಲಕ್ಷ್ಮಿ ಚಹಾದ ಹೆಸರು ಇಟ್ಟುಕೊಳ್ಳಬಹುದು, ತಮ್ಮದೇನೂ ತಕರಾರಿಲ್ಲ ಎಂದು ಹೇಳಿದರು. ಹೇಳುವಾಗ ಒಂದು ಕೈ ಸೊಂಟದ ಮೇಲಿತ್ತು.

ತಾತ್ಯಾಸಾಹೇಬರು ಹಾರ ತೆಗೆದು ಡ್ರೈವರನ ಕೈಗೆ ಕೊಟ್ಟರು.

"ನಕೋ ವಸ್ತಾದ, ಬ್ಯಾಡ," ಎಂದರು, ಬೇಸರವಿಲ್ಲದೆ. "ಸೋತ ಟೀಮಿಗೆ ಚಾದ ಹೆಸರ ಇಟ್ರ, ಚಾ ಹಳಸೈತಿ ಅಂತಾರ ಮಂದಿ. ಆ ಹೆಸರ ಐಗಳಿಗೆ ಇಡೂನು. ನಿಮ್ಮದ ನಿಮ್ಮ ಹತ್ರ ಇರ್ಲಿ. ಬಸ್ಸಿಗೆ ಹೇಳೇನಿ, ಸಾವಕಾಶ ಹೋಗ್ರಿ."

ಬಸ್ಸಿನಲ್ಲಿ ಎಡಗಡೆಯ ಸೀಟುಗಳಲ್ಲಿ ತಾಲೀಮು ಕಟ್ಟೆ ಕೂತಿತು, ಬಲಗಡೆ ಸೊಸೈಟಿ ಕಟ್ಟೆ. ಹಾಲು ತಿರುಗಿಸಿದ್ದರಿಂದ ಹೆಸರು ಉಳಿಯಿತು, ಇಲ್ಲದಿದ್ದರೆ ಸಾವ್ಕಾರ ಬಿಡುತ್ತಿರಲಿಲ್ಲ ಎಂದು ಎಡಗಡೆಯವರು. ಸೋತಿದ್ದರಿಂದ ಹೆಸರು ಉಳಿಯಿತು, ಹಾಲಿಗೂ ಅದಕ್ಕೂ ಏನು ಸಂಬಂಧ ಎಂದು ಬಲಗಡೆಯವರು. ಅದು ಹಾಲೇ ಅಲ್ಲ, ಚಹಾ. ಮೈಕಿನಲ್ಲಿ ಎಲ್ಲರೂ ಕೇಳಿದ್ದಾರೆ ಎಂದು ಹಿಂದಿನ ಸೀಟಿನವರು. ಕಪ್ಪನ್ನು ಮೂಸಿದವನು ತಾನು ಎಂದು ಮುರಗೆಪ್ಪ ಎದ್ದು ನಿಂತು ಹೇಳಿದರೂ, ಸೋತ ಕ್ಯಾಪ್ಟನ್ನನ ಮೂಗನ್ನು ನಂಬಲು ಹೆಚ್ಚಿನವರು ತಯಾರಿರಲಿಲ್ಲ.

ಅವನು ಬಂದು ಡ್ರೈವರನ ಹಿಂದಿನ ಸೀಟಿನಲ್ಲಿ ವಸ್ತಾದರ ಪಕ್ಕ ಕೂತ.

"ಹೆಂಗರ ಆಗ್ಲಿ, ಹೆಸರ ಉಳೀತಲ್ರಿ ವಸ್ತಾದ್ರ."

"ಉಳೀತಪಾ," ಎಂದರು ವಸ್ತಾದರು. "ಬ್ಯಾಡ ಅಂದದ್ದಕ್ಕ ಉಳೀತು."

ಸ್ವಲ್ಪ ದೂರ ಹೋದ ಮೇಲೆ ಮತ್ತೆ ಹೇಳಿದರು: "ಇರ್ಲಿ. ಊರಾಗ ಹೋಗೂಮುಂದ ಕೂಗ್ರಿ. ಜೋರ ಕೂಗ್ರಿ."

ಬಸ್ಸು ಊರ ಅಗಸಿ ಬಾಗಿಲಿನ ಹತ್ತಿರ ನಿಂತಾಗ ಇನ್ನೂ ಸಂಜೆ ಬೆಳಕಿತ್ತು. "ಕರೋಶಿ ಬಜರಂಗ ತಾಲೀಮ!" ಎಂದು ಮುರಗೆಪ್ಪ ಕೂಗಿದ. ಎಡಗಡೆಯವರು ಜೈ ಎಂದರು. ಕೂಗಲು ಬೇರೆ ಹೆಸರು ಇಲ್ಲದ್ದರಿಂದ ಬಲಗಡೆಯವರೂ ಜೈ ಎಂದರು. ಅಪ್ಪಾಸಾಬನ ದನಿ ಎಲ್ಲರಿಗಿಂತ ಜೋರಾಗಿತ್ತು ಎಂದು ಆಮೇಲೆ ಹಜಾಮರ ಅಂಗಡಿಯಲ್ಲಿ ಮಾತು ಬಂತು, ಅವನು ಒಪ್ಪಲಿಲ್ಲ.

ಕೂಗು ಕೇಳಿ ಮನೆಗಳ ಬಾಗಿಲು ತೆರೆದವು. ವಸ್ತಾದರ ಹೆಂಡತಿ ಕಸ್ತೂರೆವ್ವ ಅರಿಷಿಣ ಕುಂಕುಮದ ತಟ್ಟೆಯಲ್ಲಿ ಆರತಿ ಹಚ್ಚಿಕೊಂಡು, ಗಾಳಿಗೆ ಸೆರಗು ಅಡ್ಡ ಹಿಡಿದು ಹೊಸ್ತಿಲಿಗೆ ಬಂದಳು.

"ಗೆದ್ದ ಬಂದ್ರಿ?"

"ಇಲ್ಲ," ಎಂದರು ವಸ್ತಾದರು.

"ಮತ್ಯಾಕ ಹಿಂಗ ಒದರಾಕತ್ತೀರಿ?"

"ಹೆಸರ ಉಳೀತು."

ಕಸ್ತೂರೆವ್ವ ಗಂಡನನ್ನೂ, ಅವರ ಹಿಂದೆ ಒಳಹೊರಗಾದ ಅಂಗಿ ಹಾಕಿಕೊಂಡು ನಿಂತಿದ್ದ ಹನ್ನೊಂದು ಮಂದಿಯನ್ನೂ, ಅವರ ಹಿಂದೆ ಅಪ್ಪಾಸಾಬನನ್ನೂ ನೋಡಿದಳು.

"ಅದೆಲ್ಲಿ ಹೋಗಿತ್ತು?"

ವಸ್ತಾದರು ಬಾಯಿ ತೆರೆದರು. "ಅದು ಹಾಲ ತಿರುಗಿಸಿ..." ಎನ್ನುವಷ್ಟರಲ್ಲಿ ಹಿಂದಿನಿಂದ, "ಹಾಲಲ್ರಿ ವೈನಿ, ಚಾ!" ಎಂದ ಅಪ್ಪಾಸಾಬ.

"ಯಾರರ ಒಬ್ಬರ ಹೇಳ್ರಿ, ದೀಪ ಆರತೈತಿ," ಎಂದಳು ಕಸ್ತೂರೆವ್ವ.

ಇಬ್ಬರೂ ಒಮ್ಮೆಲೇ ಹೇಳತೊಡಗಿದರು.